ಡ್ರಿಲ್ ಮೇಷ್ಟ್ರ ಜಾಗ

ಡ್ರಿಲ್ ಮೇಷ್ಟ್ರು ಸೀಟಿ ಊದಿದರೆ ಪಕ್ಕದ ಬೀದಿಯ ಬಸ್ಸು ನಿಲ್ಲುತ್ತದೆ, ಅದರಾಚೆಯ ಮನೆಯಲ್ಲಿ ಉಕ್ಕುವ ಹಾಲು ತೆಪ್ಪಗೆ ಪಾತ್ರೆಯೊಳಗೆ ಇಳಿಯುತ್ತದೆ. ಅಂಥವರಿಗೆ ಇಲ್ಲವೆನ್ನಲು ಮಾತ್ರ ಬರುವುದಿಲ್ಲ. ಅವರ ಕೋಣೆಯಲ್ಲಿ ಶಾಲೆಯ ಹಳೇ ಬೆಂಚುಗಳು ಕಾಲು ಮುರಿದುಕೊಂಡು ವಿಶ್ರಾಂತಿ ಪಡೆಯುತ್ತಿವೆ. ಅರ್ಧ ಮೈದಾನ ಶಾಲೆಯ ವ್ಯಾನುಗಳ ಪಾಲಾಗಿದೆ. ಪರೀಕ್ಷೆಗೆ ಇನ್ನೂ ಆರು ತಿಂಗಳಿರುವಾಗಲೇ ಗಣಿತದ ಮೇಡಂ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಇವತ್ತೊಂದಿನ ನಿಮ್ಮ ಪೀರಿಯಡ್ ಕೊಡಿ. ಕುಣಿದಾಡಿದ್ರೆ ಲೆಕ್ಕ ಬರುತ್ತಾ?" ಎನ್ನುತ್ತಾರೆ. "ತಗೊಳ್ಳಿ ತಾಯಿ. ಕೂತೂ ಕೂತೂ ಮಕ್ಕಳು ಬೆಂಚಿಗೇ ಬೇರು ಬಿಟ್ರೆ, ಕೀಳೋಕೆ ಮಾತ್ರ ನನ್ನನ್ನ ಕರೀಬೇಡಿ" ಎಂದು ನಗುತ್ತಾ ಕೊಟ್ಟುಬಿಡುತ್ತಾರೆ. ಹೀಗೆ ಕೊಟ್ಟು ವಾರಕ್ಕೆ ಉಳಿದ ಒಂದೇ ಪೀರಿಯಡ್ಡಿನಲ್ಲಿ ಮಕ್ಕಳನ್ನು ಮೈದಾನದ ಸುತ್ತ ಓಡಿಸಿ ತಾವೂ ಓಡುತ್ತಾರೆ. ಮನಸ್ಸು ಮಾಡಿದರೆ ಗಾಳಿಯನ್ನೇ ಹಿಂದೆ ಹಾಕುವ ಕಾಲುಗಳು. ಆದರೆ ಎಲ್ಲರಿಗಿಂತ ಹಿಂದೆ ಒಬ್ಬ ದಪ್ಪನೆಯ ಹುಡುಗಿ ಅಳು ನುಂಗಿಕೊಂಡು ಬರುತ್ತಿದ್ದರೆ, ಮೇಷ್ಟ್ರು ಅವಳಿಗಿಂತ ಎರಡು ಹೆಜ್ಜೆ ಹಿಂದೆ ಸುಳ್ಳುಸುಳ್ಳೇ ಏದುಸಿರು ಬಿಡುತ್ತಾ, "ಸ್ವಲ್ಪ ನಿಧಾನ ಕಣಮ್ಮ, ಮುದುಕನಿಗೆ ಆಗ್ತಿಲ್ಲ" ಎಂದು ಗೋಗರೆಯುತ್ತಾರೆ. ಅವಳು ನಕ್ಕು ಇನ್ನಷ್ಟು ಜೋರಾಗಿ ಓಡುತ್ತಾಳೆ. ಮೂವತ್ತು ವರ್ಷಗಳಲ್ಲಿ ಆ ಶಾಲೆಯ ಯಾವ ಮಗುವೂ ಓಟದಲ್ಲಿ ಕೊನೆಗೆ ಬಂದಿಲ್ಲ. ಆ ಜಾಗವೊಂದನ್ನು ಮೇಷ್ಟ್ರು ಇಂದಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ.