ಒಳಮುಖದ ತೋರಣ

ಹೊಟ್ಟೆಕಿಚ್ಚಿನ ಹೆಂಗಸೆಂದು ಒಬ್ಬಾಕೆಯನ್ನು ಬೆರಳು ಮಾಡಿ ತೋರಿಸಿ ನಗುವ ನೀವು, ಆಕೆಯ ಪಾಲಿಗೆ ಬಾರದೆ ಹೋದದ್ದು ಏನೆಂದು ಎಂದಾದರೂ ವಿಚಾರಿಸಿದ್ದೀರಾ?

ಈ ಪ್ರಶ್ನೆ ಕೇಳುವಾಗ ನನ್ನ ಕಣ್ಣಮುಂದೆ ನಿಲ್ಲುವುದು, ಎರಡು ತುಟಿಗಳ ನಡುವೆ ಕಚ್ಚಿ ಹಿಡಿದ ಒಂದು ಸೂಜಿ ಮತ್ತು ಅದರಿಂದ ಗಲ್ಲದ ಮೇಲೆ ಹಾದು ಮಡಿಲಿಗೆ ಇಳಿದ ಬಿಳಿಯ ದಾರ. ನನ್ನ ಅತ್ತಿಗೆ ಮಣಿ ಪೋಣಿಸುವಾಗ, ಗಂಟು ಬಿಗಿಯಲು ಎರಡು ಕೈಗಳೂ ಬೇಕಾದಾಗಲೆಲ್ಲ ಸೂಜಿಯನ್ನು ಹೀಗೆ ತುಟಿಗೆ ಒಪ್ಪಿಸುತ್ತಿದ್ದರು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಬಾಯಿಯ ಎಡಮೂಲೆಯಿಂದ ಹೊರಬರುತ್ತಲೇ ಇರುತ್ತಿತ್ತು. ಉಗುರುಗಳ ಸಂದಿಯಲ್ಲಿ ಹಿತ್ತಲಿನ ಮಣ್ಣು, ಬೆರಳ ತುದಿಯಲ್ಲಿ ದವನದ ವಾಸನೆ. ಅಡಿಗೆಗೆ ಎದ್ದರೆ ಸಾರಿಗೂ ಆ ವಾಸನೆ ಹತ್ತುತ್ತದೆಂದು ನನ್ನ ಅಣ್ಣ ಗೊಣಗುತ್ತಿದ್ದ.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ನಮ್ಮ ಮನೆ. ಅಪ್ಪನೂ ಅಣ್ಣನೂ ಜವಳಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಅತ್ತಿಗೆಯ ತವರು ನುಗ್ಗೇಹಳ್ಳಿಯ ಕಡೆ. ಅವರಿಗೂ ನನಗೂ ಒಂದೇ ವಯಸ್ಸು. ಅವರು ಸೊಸೆಯಾಗಿ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದ ಬೇಸಿಗೆಯಲ್ಲಿಯೇ ನಾನು ಹೈಸ್ಕೂಲು ಓದಲು ಅದೇ ಹೊಸ್ತಿಲು ದಾಟಿ ಹಾಸನಕ್ಕೆ ಹೊರಟೆ. ಅಲ್ಲಿಂದ ಮೈಸೂರಿನ ಕಾಲೇಜು. ಇಬ್ಬರು ಹುಡುಗಿಯರು ಒಂದೇ ಬಾಗಿಲಿನಲ್ಲಿ ಎದುರುಬದುರಾಗಿ ಹಾದುಹೋದೆವು; ಒಬ್ಬಳಿಗೆ ಪುಸ್ತಕದ ಪೆಟ್ಟಿಗೆ, ಇನ್ನೊಬ್ಬಳಿಗೆ ಒಲೆ. ಇದನ್ನು ಯಾರೂ ಅನ್ಯಾಯವೆಂದು ಅಂದುಕೊಳ್ಳಲಿಲ್ಲ, ನಾನೂ ಅಂದುಕೊಳ್ಳಲಿಲ್ಲ.

ಅತ್ತಿಗೆಯ ಹೊಟ್ಟೆಕಿಚ್ಚು ಬೀದಿಗೆಲ್ಲ ತಿಳಿದ ಸಂಗತಿ. ಚೈತ್ರ ಹತ್ತಿರವಾದಂತೆ ಬೀದಿಯ ಹೊಂಗೆಮರಗಳು ಹೂವು ಉದುರಿಸುತ್ತಿದ್ದವು. ಆ ಹೂವು ಗಿಡಗಳಿಗೆ ಒಳ್ಳೆಯ ಗೊಬ್ಬರ. ಎದುರುಮನೆಯ ಸಾಹುಕಾರರ ಸೊಸೆ ಪೊರಕೆ ಹಿಡಿದು ಬರುವಷ್ಟರಲ್ಲಿ ಬೀದಿ ಗುಡಿಸಿದಂತಿರುತ್ತಿತ್ತು; ಹೂವೆಲ್ಲ ನಮ್ಮ ಹಿತ್ತಲಿನ ಮಲ್ಲಿಗೆಯ ಬುಡದಲ್ಲಿ. "ಬೆಳಗಾಗೆದ್ದು ಬೀದಿ ಗುಡ್ಸೋಷ್ಟು ಪುಣ್ಯ ಬಂದ್ಬುಡ್ತಾ ನಿಮ್ಗೆ?" ಎಂದು ಆಕೆ ಅಲ್ಲಿಂದಲೇ ಕೂಗುವರು. "ಊ ಕಣವ್ವಾ, ನಿಮ್ಮ ಬಾಗ್ಲು ಮುಂದ್ಲುದೂ ಸೇರ್ಸೇ ಗುಡಿಸಿವ್ನಿ, ಆ ಪುಣ್ಯ ನೀವೇ ಮಡಿಕ್ಕಳಿ" ಎಂದು ಅತ್ತಿಗೆ ಇಲ್ಲಿಂದ. ನೀರಿಗೆ ಬಾವಿಯ ತಳ ನೋಡಬೇಕಾದ ಊರಿನಲ್ಲಿ ಬೆಳೆದವರಾದ್ದರಿಂದ, ಅಕ್ಕಿ ತೊಳೆದ ನೀರನ್ನು ಯಾರಾದರೂ ಬಚ್ಚಲಿಗೆ ಚೆಲ್ಲಿದರೆ ಅವರಿಗೆ ಕೋಪ ಬರುತ್ತಿತ್ತು. ಆ ನೀರೆಲ್ಲ ಸೂಜಿಮಲ್ಲಿಗೆಗೆ, ಮರುಗಕ್ಕೆ, ದವನಕ್ಕೆ. ಶಿವಪೂಜೆಗೆ ಬೀದಿಯ ಮನೆಮನೆಯವರೂ ನಮ್ಮಲ್ಲಿಗೇ ಪತ್ರೆ ಕೇಳಲು ಬರಬೇಕು, ಎದುರುಮನೆಗೆ ಯಾರೂ ಹೋಗಬಾರದು, ಇದು ಅವರ ಹಟ.

ಅವರೊಬ್ಬರೇ ಅಸೂಯೆಪಟ್ಟರೆಂದು ಬರೆದರೆ ಅದು ಒಂದು ಪಕ್ಷದ ವಾದವಾದೀತು. ಕಾಲೇಜಿನಲ್ಲಿ "ಸ್ಪರ್ಧೆಯೇ ಸಮಾಜದ ಶತ್ರು" ಎಂಬ ಪಕ್ಷವನ್ನು ವಹಿಸಿ ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದು, ಒಂದು ಬೆಳ್ಳಿಯ ಬಟ್ಟಲನ್ನು ಊರಿಗೆ ತಂದಿದ್ದೆ. ಮುಂದಿನ ರಜೆಗೆ ಬಂದು ನೋಡುತ್ತೇನೆ, ಅವ್ವ ಅದನ್ನು ಅತ್ತಿಗೆಗೆ ಮಣಿ ಹಾಕಿಕೊಳ್ಳಲು ಕೊಟ್ಟಿದ್ದಾರೆ! ಬಂದವರಿಗೆಲ್ಲ ಅವ್ವ ತೋರಿಸುತ್ತಿದ್ದದ್ದು ಬಟ್ಟಲನ್ನಲ್ಲ, ಅದರಲ್ಲಿದ್ದ ಮಣಿಗಳಿಂದ ಆದ ಗಿಳಿಯನ್ನು, ನವಿಲನ್ನು. "ನನ್ ಮಗಳು ಬಾಯಲ್ಲಿ ಗೆಲ್ತಾಳೆ, ಸೊಸೆ ಕೈಯಲ್ಲಿ ಗೆಲ್ತಾಳೆ" ಎನ್ನುವರು. ಎರಡನೆಯ ಮಾತಿಗೆ ಅವ್ವನ ದನಿ ತುಸು ಹೆಚ್ಚು ಬೆಚ್ಚಗಿರುತ್ತಿತ್ತು. ನನ್ನ ಕಿವಿಗೆ ಅದು ಕೇಳುತ್ತಿತ್ತು.

ನಾನು ಹೇಳಬೇಕೆಂದಿರುವ ದಿನ, ಮೂವತ್ತರ ದಶಕದ ಕೊನೆಯ ಒಂದು ವಸಂತದ್ದು. ಕಾಲೇಜು ಮುಗಿಸಿ ಬಂದವಳು ಪೇಟೆಯ ಹೆಂಗಸರನ್ನೆಲ್ಲ ಸೇರಿಸಿ ಒಂದು ಸಮಾಜ ಕಟ್ಟುವೆನೆಂದು ಹೊರಟಿದ್ದೆ. ಮಾರನೆಯ ದಿನ ನಮ್ಮ ಮನೆಯಲ್ಲೇ ಅದರ ಮೊದಲ ಸಭೆ. ಅಂದು ಮನೆ ಶಾಂತವಾಗಿತ್ತು. ಗಂಡಸರು ಅಂಗಡಿಗೆ ಹೋಗಿದ್ದರು, ಅವ್ವ ನೆಂಟರ ಮನೆಗೆ. ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ನಾನು ಭಾಷಣ ಸಿದ್ಧಪಡಿಸುತ್ತಿದ್ದೆ. ಅತ್ತಿಗೆ ಕುಕ್ಕರಗಾಲಿನಲ್ಲಿ ಕುಳಿತು ದವನದ ಸಸಿಗಳನ್ನು ಬಿಡಿಸಿ ನೆಡುತ್ತಿದ್ದರು.

"ಏನಮ್ಮಿ, ನಾಳಿಕ್ಕೆ ಭಾಸಣ ಉರು ಒಡೀತಾ ಇದ್ದೀಯಾ?"

"ಹೆಂಗಸರಲ್ಲಿ ಅಸೂಯೆ ತೊಲಗದೆ ಒಗ್ಗಟ್ಟು ಬರೋದಿಲ್ಲ ಅಂತ ಹೇಳ್ಬೇಕು ಅತ್ಗೆ."

"ಏಳು, ಏಳು. ಎದುರುಮನೆಯೋಳ್ನ ಮುಂದ್ಗಡೆ ಕೂರುಸ್ಕಂಡು ಈ ಮಾತ್ನ ಏಳು."

"ನಿನ್ನನ್ನೂ ಪಕ್ಕದಲ್ಲೇ ಕೂರಿಸ್ತೀನಿ."

"ನಾನೆಲ್ ಬತ್ತೀನಿ? ಬಂದೋರ್ಗೆ ಪಾನಕ ಯಾರ್ ಕಲ್ಸಾರು, ನಿನ್ ಬೆಳ್ಳಿ ಬಟ್ಲಾ?"

ಸಭೆಗೆ ಬರುವುದಿಲ್ಲವೆಂದರೂ ಸಭೆಗಾಗಿ ಅವರದ್ದೇ ಒಂದು ಸಿದ್ಧತೆ ನಡೆದಿತ್ತು. ಎದುರುಮನೆಯ ಬಾಗಿಲಿಗೆ ಆ ವರ್ಷ ಹೊಸದೊಂದು ಮಣಿತೋರಣ ಬಂದಿತ್ತು: ನೀಲಿಯ ನೆಲದ ಮೇಲೆ ಕೆಂಪು ಮಣಿಗಳಲ್ಲಿ "ಸುಸ್ವಾಗತ". ಅತ್ತಿಗೆ ಮಾದರಿಯ ಕಾಗದ ಕೇಳಿದಾಗ ಎದುರುಮನೆಯಾಕೆ, ಎಲ್ಲೋ ಕಳೆದುಹೋಯಿತೆಂದು ಕೈಯಲ್ಲಾಡಿಸಿಬಿಟ್ಟರಂತೆ. ಅಂದಿನಿಂದ ಅತ್ತಿಗೆ ಹೆಪ್ಪು ಬೇಕೆಂದು ಪದೇ ಪದೇ ಆ ಮನೆಗೆ ಹೋಗತೊಡಗಿದರು. ನಡುಮನೆಯಲ್ಲಿ ಕುಳಿತು, ಬಟ್ಟಲಿಗೆ ಮಜ್ಜಿಗೆ ಬರುವವರೆಗೆ ಬಾಗಿಲಿನ ತೋರಣದ ಒಂದು ಸಾಲನ್ನು ಕಣ್ಣಲ್ಲಿ ತುಂಬಿಕೊಂಡು, ಮನೆಗೆ ಬಂದು ಆ ಸಾಲನ್ನು ಪೋಣಿಸುವುದು. ನಮ್ಮ ಮನೆಯ ಹಾಲು ಇದ್ದಕ್ಕಿದ್ದಂತೆ ಇಷ್ಟೇಕೆ ಹೆಪ್ಪು ಬೇಡುತ್ತಿದೆಯೆಂದು ಅವ್ವನಿಗೆ ಅರ್ಥವಾಗಿರಲಿಲ್ಲ. ಅತ್ತಿಗೆಗೆ ಓದು ಬರುತ್ತಿರಲಿಲ್ಲ. ಅಕ್ಷರವೂ ಅವರಿಗೆ ಗಿಳಿ ನವಿಲುಗಳಂತೆ ಒಂದು ಚಿತ್ರ. ಬರೆದುಕೊಡೆಂದು ನನ್ನನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ.

ಮಧ್ಯಾಹ್ನ ತೋರಣ ಮುಗಿಯಿತು. ಅತ್ತಿಗೆ ಮಣೆಯ ಮೇಲೆ ಮಣೆಯಿಟ್ಟು, ಹತ್ತಿ, ಅದನ್ನು ತಲೆಬಾಗಿಲಿಗೆ ಕಟ್ಟಿದರು. ನಾನು ನಡುಮನೆಯಿಂದ ಬಂದವಳು ತಲೆಯೆತ್ತಿ ನೋಡಿ ಬೆರಗಾದೆ.

"ಅತ್ಗೆ! ಎಷ್ಟು ಚೆನ್ನಾಗಿ ಬಂದಿದೆ! ಒಂದಕ್ಷರ ತಪ್ಪಿಲ್ಲ."

ಅದೇ ಹೊತ್ತಿಗೆ ಜಗಲಿಯ ಕಡೆಯಿಂದ ಎದುರುಮನೆಯಾಕೆಯ ನಗು. "ಅಯ್ಯೋ ಸಿವನೇ! ಇದೇನವ್ವಾ ಬರ್ದಿರೋದು? ಒಂದಕ್ಷರನೂ ನೆಟ್ಟಗಿಲ್ವಲ್ಲ!"

"ಸರಿಯಾಗಿ ನೋಡಿ, ನೆಟ್ಟಗೇ ಇದೆ" ಎಂದು ನಾನು ಒಳಗಿನಿಂದ ವಾದ ಹೂಡಿದೆ.

"ನಾನೂ ನಾಕ್ನೇ ಕ್ಲಾಸು ಓದಿವ್ನಿ ಕಣಮ್ಮಿ! ನಿಮ್ಮ ಮೈಸೂರ್ನಲ್ಲಿ ಇಂಗೇನಾ ಬರಿಯೋದು?"

ನಡುವೆ, ಮಣೆಯ ಮೇಲೆ ನಿಂತಿದ್ದ ಅತ್ತಿಗೆ ಒಮ್ಮೆ ಒಳಗೆ ನೋಡಿದರು, ಒಮ್ಮೆ ಹೊರಗೆ ನೋಡಿದರು. ತುಟಿಯ ನಡುವಿನ ಸೂಜಿಯನ್ನು ಕೈಗೆ ತೆಗೆದುಕೊಂಡರು. ಅವರ ಮಾತು ಬಾಯಿಯ ನಡುವಿನಿಂದ ನೇರವಾಗಿ ಬಂತು.

"ಓದಿರೋರಿಬ್ರೂ ಸೇರ್ಕಂಡು ನನ್ನ ಆಟ ಆಡುಸ್ತಾ ಇದ್ದೀರಾ?"

ನಾನು ಹೊಸ್ತಿಲು ದಾಟಿ ಜಗಲಿಗೆ ಇಳಿದು ತಿರುಗಿ ನೋಡಿದೆ. ಅಲ್ಲಿಂದ ಪ್ರತಿಯೊಂದು ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದು. ಆಗ ತಿಳಿಯಿತು. ತೋರಣದ ಮುಖ ಬೀದಿಗೆ. ಅದನ್ನು ಬೀದಿಯಲ್ಲಿ ನಿಂತು ನೋಡುವವರು ಗಂಡಸರು, ಅತಿಥಿಗಳು. ಹೆಪ್ಪು ಕೇಳಲು ಹೋದ ಹೆಂಗಸು ತಲೆ ತಗ್ಗಿಸಿ ಬಾಗಿಲು ದಾಟಿ ನಡುಮನೆಯಲ್ಲಿ ಕೂರುತ್ತಾಳೆ. ಅಲ್ಲಿಂದ ಅವಳಿಗೆ ಕಾಣುವುದು ಅದರ ಬೆನ್ನು, ತಿರುವುಮುರುವಾದ ಅಕ್ಷರ. ಅತ್ತಿಗೆ ಆ ಬೆನ್ನನ್ನೇ ಮುಖವೆಂದು ನಂಬಿ, ಒಂದು ಮಣಿ ತಪ್ಪದಂತೆ ಎತ್ತಿಕೊಂಡು ಬಂದಿದ್ದರು.

ಎದುರುಮನೆಯಾಕೆಗೂ ತಿಳಿಯಿತು. "ಓಹೋ! ದಿನಾ ಎಪ್ಪು ಎಪ್ಪು ಅಂತ ಬತ್ತಿದ್ದು ಇದ್ಕೇನಾ?" ಎನ್ನುತ್ತ ಸೆರಗು ಬಾಯಿಗೆ ಒತ್ತಿಕೊಂಡು ನಡೆದರು. ಸಂಜೆಯೊಳಗೆ ಈ ಕಥೆ ಪೇಟೆಯ ಮನೆಮನೆಗೂ ಮುಟ್ಟುತ್ತದೆ, ಬೆಳಗಾದರೆ ಅದೇ ಮನೆಗಳ ಹೆಂಗಸರು ನಮ್ಮ ಬಾಗಿಲಿಗೆ ಬರುತ್ತಾರೆ. ಇದು ನಮ್ಮಿಬ್ಬರಿಗೂ ಹೊಳೆದಿತ್ತು.

ಅತ್ತಿಗೆ ಇಳಿದು ಬಂದು ಕತ್ತರಿ ಕೈಗೆತ್ತಿಕೊಂಡರು. ನಾನು ಕೈ ಹಿಡಿದೆ. "ಕತ್ತರಿಸಬೇಡ ಅತ್ಗೆ. ತಿರುಗಿಸಿ ಕಟ್ಟಿದರಾಯ್ತು, ಸರಿಹೋಗ್ತದೆ."

"ತಿರುಗ್ಸುದ್ರೆ ತ್ವಾರಣ ಸರಿಯಾಯ್ತದೆ. ನಾನು?"

ನಾನು ಹಿಡಿದ ಕೈ ಬಿಡಲಿಲ್ಲ.

"ಅವಳ ಮ್ಯಾಲೆ ನಂಗೆ ಒಟ್ಟೆಕಿಚ್ಚು ಅಂದ್ಕಂಡಿದ್ದೀಯಾ? ಅವಳ ಮಲ್ಗೆ ಯಾರಿಗ್ ಬೇಕು. ನಿನ್ ಮ್ಯಾಲೆ ಕಣಮ್ಮಿ. ನಿನ್ ಪೆಟ್ಗೆ ಮ್ಯಾಲೆ. ನೀನು ರಜಕ್ಕೆ ಬಂದು ನಿದ್ದೆ ಮಾಡ್ತಿದ್ರೆ ಪೆಟ್ಗೆ ತೆಗ್ದು ಪುಸ್ತಕ ಮೂಸ್ತೀನಿ. ಅದೊಂದೇ ನಂಗೆ ಬರಾದು, ಮೂಸಾದು."

"ನನಗೂ ನಿನ್ನ ಮೇಲೆ ಇದೆ" ಎಂದೆ. "ಅವ್ವ ನನ್ನ ಬಟ್ಟಲು ತೆಗೆದು ನಿನ್ನ ಮಣಿಗೆ ಕೊಟ್ರಲ್ಲ, ಅವತ್ತಿಂದ."

ಅತ್ತಿಗೆ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಒಂದು ಸಂತೋಷ ಮೂಡಿತು. "ದಿಟವಾ? ನಿಂಗೂ ಉರೀತದಾ?"

"ಉರೀತದೆ."

"ಅಂಗಾದ್ರೆ ಸರಿ" ಎಂದು ಕತ್ತರಿಯನ್ನು ಕೆಳಗಿಟ್ಟರು.

ಅಕ್ಷರ ಕಲಿಸುತ್ತೇನೆಂದು ನಾನು ಕೂಡಲೇ ಮುಂದಾದೆ. ಸುಧಾರಕರಿಗೆ ಇಂಥ ಆತುರ ಸಹಜ. ಅವರು ತಲೆಯಾಡಿಸಿದರು. "ನೀನು ಮ್ಯಾಲೆ ಕೂತು, ನಾನು ಕೆಳ್ಗೆ ಕೂತಾ? ಆಗಾಕಿಲ್ಲ. ಮೊದ್ಲು ನೀನು ನನ್ ಮುಂದೆ ದಡ್ಡಿಯಾಗು. ಆಮ್ಯಾಕೆ ನಾನು ನಿನ್ ಮುಂದೆ ದಡ್ಡಿಯಾಯ್ತೀನಿ."

ಅಂದು ಸಂಜೆಯವರೆಗೆ ನಾವಿಬ್ಬರೂ ಮಲ್ಲಿಗೆಯ ಚಪ್ಪರದಡಿ ಕುಳಿತೆವು. ನಾನು ದಡ್ಡಿಯಾಗಲು ಹೆಚ್ಚು ಪ್ರಯತ್ನಪಡಬೇಕಾಗಲಿಲ್ಲ. ಸೂಜಿ ಮಣಿಯ ಕಣ್ಣಿಗೆ ಹೋಗದೆ ನನ್ನ ಹೆಬ್ಬೆಟ್ಟಿಗೆ ಹೋಗುತ್ತಿತ್ತು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಗಿಳಿಯನ್ನು ಎತ್ತಿ ಹಿಡಿದು, "ಇದು ಕಪ್ಪೆನಾ, ಕೋಳಿನಾ?" ಎಂದರು. ಮನಸ್ಸು ತುಂಬುವಷ್ಟು ನಕ್ಕಾದ ಮೇಲೆ ಮೊರದ ಮೇಲೆ ಮಣಿ ಸುರಿದು, "ಊ, ಈಗ ನೀನು ಏಳ್ಕೊಡು, ಮೊದಲ್ನೇದು ಯಾವುದು?" ಎಂದರು. ನಾನು ಬೆರಳಲ್ಲಿ "ಸು" ತೀಡಿದೆ. ಅವರು ಅದರ ಸುತ್ತ ಕೆಂಪು ಮಣಿಗಳನ್ನು ಜೋಡಿಸಿ, ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿದರು. ಕಪ್ಪು ಹಲಗೆಯನ್ನು ಮುಂದಿಟ್ಟಿದ್ದರೆ ಅವರು ಅಂದೇ ಎದ್ದು ಹೋಗುತ್ತಿದ್ದರೆಂದು ನನಗೆ ಈಗಲೂ ಅನ್ನಿಸುತ್ತದೆ.

ಮಾರನೆಯ ದಿನ ಹೆಂಗಸರು ಬಂದರು. ನಿರೀಕ್ಷಿಸಿದಂತೆ ಬಾಗಿಲಲ್ಲೇ ನಿಂತು ತಲೆಯೆತ್ತಿ ಒಬ್ಬರನ್ನೊಬ್ಬರು ತಿವಿದರು, ಏಕೆಂದರೆ ಅತ್ತಿಗೆ ತೋರಣವನ್ನು ತಿರುಗಿಸಿರಲೇ ಇಲ್ಲ. ನಾನು ಸಮರ್ಥನೆಗೆ ಬಾಯಿ ತೆರೆಯುವಷ್ಟರಲ್ಲಿ, ಪಾನಕದ ಚೊಂಬು ಹಿಡಿದೇ ಅಡಿಗೆಮನೆಯಿಂದ ಅವರು ಬಂದು ನಿಂತರು.

"ಒರಗಡೆಯಿಂದ ಬರೋರ್ಗೆ ಎಲ್ಲಾರ ಮನೇಲೂ ಬನ್ನಿ ಅಂತ ಬರ್ದವ್ರೆ. ಒಳಗೇ ಇರೋರ್ಗೆ ಯಾರವ್ವಾ ಬರ್ದಾರು? ಒಳಕ್ಕೆ ಬಂದು ನೋಡ್ರಿ, ನೆಟ್ಟಗೇ ಐತೆ."

ಹೆಂಗಸರು ಒಳಗೆ ಬಂದು ಹಿಂದಿರುಗಿ ನೋಡಿದರು. ಓದು ಬಲ್ಲವರು ಓದಿದರು, ಬಾರದವರಿಗೆ ಹೇಳಿದರು. ಯಾರೂ ನಗಲಿಲ್ಲ. ಎದುರುಮನೆಯಾಕೆ ಮಾತ್ರ, "ಬಾಯಿಗೇನ್ ಕಮ್ಮಿ ಇಲ್ಲ ಬುಡಿ" ಎಂದು ಗೊಣಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ತೋರಣ ನೋಡಿದರು. ಅತ್ತಿಗೆ ಚೊಂಬನ್ನು ಕಂಬದ ಬುಡದಲ್ಲಿಟ್ಟು ಚಾಪೆಯ ಮೇಲೆ ನನ್ನ ಎದುರಿಗೆ ಕುಳಿತರು. ಅಸೂಯೆಯನ್ನು ಖಂಡಿಸುವ ನನ್ನ ಭಾಷಣ ಅಂದು ನಡೆಯಲಿಲ್ಲ. ಅದರ ವಾದ ನನಗೇ ಸಾಲದಾಗಿತ್ತು. ಪಾನಕವನ್ನು ನಾನೇ ಹಂಚಿದೆ.

ಮುಂದಿನ ವಸಂತದ ಹೊತ್ತಿಗೆ ಅತ್ತಿಗೆ ಜಗಲಿಯ ಮೇಲೆ ಕುಳಿತು, ಎದುರುಮನೆಗೆ ಕೇಳುವಂತೆ, ವೃತ್ತಪತ್ರಿಕೆಯನ್ನು ದೊಡ್ಡ ದನಿಯಲ್ಲಿ ಓದತೊಡಗಿದರು. ನಾಲ್ಕನೇ ಕ್ಲಾಸಿನ ಓದನ್ನು ಅರ್ಧ ಮರೆತಿದ್ದ ಎದುರುಮನೆಯಾಕೆಗೆ ಇದನ್ನು ಸಹಿಸುವುದು ಹೇಗೆ ಸಾಧ್ಯ? ಅವರೂ ಬಂದರು. ಅವರನ್ನು ಕಂಡು ಅವರ ಪಕ್ಕದ ಮನೆಯವರು ಬಂದರು. ನನ್ನ ಭಾಷಣಗಳು ಎಬ್ಬಿಸಲಾರದ ಬೀದಿಯನ್ನು ಒಬ್ಬರ ಮೇಲೊಬ್ಬರ ಹೊಟ್ಟೆಕಿಚ್ಚು ಎಬ್ಬಿಸಿ ತಂದು ನಮ್ಮ ಹಿತ್ತಲಿನಲ್ಲಿ ಕೂರಿಸಿತು. ಅವರೆಲ್ಲ ಅಕ್ಷರ ಕಲಿಯಲು ಬಯಸುತ್ತಿದ್ದದ್ದು ಅತ್ತಿಗೆಯಿಂದಲೇ, ಮೊರದ ಮೇಲಿನ ಮಣಿಗಳಲ್ಲೇ. ನನ್ನ ಹಲಗೆಯ ಮುಂದೆ ಕೂರುತ್ತಿದ್ದವರು ವಿರಳ. ಅದಕ್ಕೂ ನನಗೆ ಉರಿಯಿತು. ಅತ್ತಿಗೆಗೆ ಅದು ಗೊತ್ತಿತ್ತು. "ಉರೀಲಿ ಬುಡು, ಆರುಸ್ಬ್ಯಾಡ" ಎನ್ನುವರು, ಸೂಜಿ ಕಚ್ಚಿಕೊಂಡೇ.

ಕಳೆದ ಮಾಘದಲ್ಲಿ ಅವರು ಜ್ವರದಲ್ಲಿ ತೀರಿಕೊಂಡರು. ವಿಚಾರಿಸಲು ಬಂದ ನೆಂಟರೊಬ್ಬರು, ಬಾಗಿಲಿನ ಅಕ್ಷರ ಹಿಂದುಮುಂದಾಗಿದೆಯೆಂದು ಒಳ್ಳೆಯ ಮನಸ್ಸಿನಿಂದಲೇ ತೋರಣವನ್ನು ತಿರುಗಿಸಿ ಕಟ್ಟಿದ್ದರು. ಅದನ್ನು ಮೊದಲು ಗಮನಿಸಿದವರು ಎದುರುಮನೆಯಾಕೆ. ಒಳಗೆ ಹೋಗಿ ಮಣೆ ತಂದಿಟ್ಟು, ನನಗೆ ಕಣ್ಣಲ್ಲೇ ಹತ್ತೆಂದರು. ನಾನು ಹತ್ತಿ ಅದನ್ನು ಮತ್ತೆ ಒಳಮುಖವಾಗಿ ಕಟ್ಟಿದೆ.

ಓದುಗರಲ್ಲಿ ನನ್ನ ಪ್ರಾರ್ಥನೆ ಚಿಕ್ಕದು. ಈ ವಸಂತದಲ್ಲಿ ಒಂದು ಮಧ್ಯಾಹ್ನ ನಿಮ್ಮ ಮನೆಯಲ್ಲಿ ಓದು ಬಾರದ ಹೆಂಗಸಿನ ಪಕ್ಕದಲ್ಲಿ, ಅವರು ಕೂತ ನೆಲದ ಮೇಲೆಯೇ ಕುಳಿತುಕೊಳ್ಳಿ. ಅವರ ಕೈಗೆ ಬರುವ ಒಂದು ಕೆಲಸವನ್ನು ಮೊದಲು ಅವರಿಂದ ಕಲಿಯಿರಿ. ತಪ್ಪು ಮಾಡಿ, ಅವರು ನಗಲಿ. ಅಕ್ಷರವನ್ನು ಆಮೇಲೆ ಮುಂದಿಡಿ.