ತಟ್ಟೆ ಹಿಡಿಸುವ ಕಾರು

ಹೊಸ ಕಾರು ಕೊಳ್ಳಲು ಹೋಗುವವರು ಬಣ್ಣ ನೋಡುತ್ತಾರೆ, ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ. ನಮ್ಮಪ್ಪ ಮಾತ್ರ ಕಂಕುಳಲ್ಲಿ ಒಂದು ಮರದ ತಟ್ಟೆ ಇಟ್ಟುಕೊಂಡು ಹೋಗುತ್ತಿದ್ದರು. ಮೂರಡಿ ಉದ್ದ, ಎರಡಡಿ ಅಗಲದ ತಟ್ಟೆ. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ನಮ್ಮದು ಚಾಕಿ ಮನೆ. ಅಂದರೆ, ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುಗಳನ್ನು ಮೊದಲ ಒಂದು ವಾರ ಜೋಪಾನವಾಗಿ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವ ಕಸುಬು. ಹುಳುಗಳು ಪ್ರಯಾಣ ಮಾಡುವುದು ಆ ತಟ್ಟೆಗಳಲ್ಲೇ.

ಮೊದಲ ಸಲ ತಟ್ಟೆ ಒಯ್ಯದೆ ಹೋಗಿ ಅಪ್ಪ ಮೋಸಹೋದರು. ಎಂಬತ್ತರ ದಶಕದ ನಡುವಿನ ಮಾತು. ಎಂಟುನೂರು ಸಿಸಿಯ ಪುಟ್ಟ ಕಾರು ಆಗಷ್ಟೇ ಬಂದಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಕೊನೆಗೂ ನಮ್ಮ ಸರದಿ ಬಂದು, ಮೂಲೆ ಮೂಲೆಯಾಗಿ ಬೆಂಕಿಪೊಟ್ಟಣದ ಹಾಗಿದ್ದ ಒಂದು ಕಾರು ಅಂಗಳದಲ್ಲಿ ನಿಂತಿತು. ಊರವರೆಲ್ಲ ಸುತ್ತು ಹಾಕಿ ನೋಡಿದರು. ಅಪ್ಪ ಹಿಂದಕ್ಕೆ ಹೋಗಿ ತಟ್ಟೆ ಇಡಲು ನೋಡಿದರೆ, ಮೇಲೆದ್ದದ್ದು ಗಾಜು ಮಾತ್ರ. ಕೆಳಗಿನ ತಗಡು ಅಲ್ಲಾಡಲಿಲ್ಲ. ಆ ಕಿಂಡಿಯಲ್ಲಿ ತಟ್ಟೆಯನ್ನು ಓರೆ ಮಾಡಿಯೇ ಇಳಿಸಬೇಕು, ಓರೆ ಮಾಡಿದರೆ ಹುಳುಗಳೆಲ್ಲ ಒಂದು ಮೂಲೆಗೆ ಜಾರುತ್ತವೆ. "ಇಷ್ಟು ವರ್ಷ ಕಾದಿದ್ದು ಈ ಕಿಟಕಿಗಾ?" ಎಂದು ಅಪ್ಪ ಕಾರಿಗೇ ಬೈದರು.

ಬೇರೆ ದಾರಿಯಿರಲಿಲ್ಲ. ಅಮ್ಮ ಹಿಂದಿನ ಸೀಟಿನಲ್ಲಿ ತಟ್ಟೆಗಳನ್ನು ತೊಡೆಯ ಮೇಲೆ ಪೇರಿಸಿಕೊಂಡು, ಅಪ್ಪನ ಪಕ್ಕದಲ್ಲಿ ನಾನು, ಬೆಳಗಿನ ತಂಪಿನಲ್ಲಿ ಹೊರಡುತ್ತಿದ್ದೆವು. ಒಂದು ದಿನ ಚಿಂತಾಮಣಿ ಕಡೆ, ಇನ್ನೊಂದು ದಿನ ಗೌರಿಬಿದನೂರು ಕಡೆ. ಎತ್ತಿನ ಗಾಡಿಯವರೂ ನಮ್ಮನ್ನು ಹಿಂದೆ ಹಾಕುತ್ತಿದ್ದರು ಎಂದರೆ ಸ್ವಲ್ಪ ಹೆಚ್ಚಾದೀತು, ಸೈಕಲ್ಲಿನವರಂತೂ ಹಾಕುತ್ತಿದ್ದರು. ಹೊರಡುವ ಮೊದಲು ಅಪ್ಪ ಪ್ರತಿ ತಟ್ಟೆಯ ಹಿಪ್ಪುನೇರಳೆ ಸೊಪ್ಪಿನ ಹಾಸನ್ನು ಕೋಳಿಪುಕ್ಕದಿಂದ ತೀಡಿ, ನಾಲ್ಕು ಅಂಚನ್ನೂ ಗೆರೆ ಎಳೆದಂತೆ ನೇರ ಮಾಡುತ್ತಿದ್ದರು. ತಲುಪಿದ ಮೇಲೆ ಅಂಚು ಕದಡಿದ್ದರೆ ರಸ್ತೆಯನ್ನು ಬೈಯುತ್ತಿರಲಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಹೈಸ್ಕೂಲು ಹುಡುಗಿಯಾಗಿದ್ದ ನಾನು ಅವರ ಕಾಲುಗಳನ್ನೇ ನೋಡುತ್ತಾ ಕ್ಲಚ್ಚು, ಬ್ರೇಕು ಕಲಿತೆ. ಹುಳು ತುಂಬಿದ ಕಾರನ್ನು ಒಂದು ದಿನ ನಾನು ಓಡಿಸಬೇಕು, ಇಳಿದಾಗ ಅಂಚು ಹಾಗೇ ಇರಬೇಕು. ನನಗೆ ಬೇರೆ ದೊಡ್ಡ ಆಸೆಗಳೇನೂ ಇರಲಿಲ್ಲ.

ಕೆಲವು ವರ್ಷಗಳಲ್ಲಿ ಆ ಕಾರಿನ ರೂಪ ಬದಲಾಯಿತು. ಮೂಲೆಗಳೆಲ್ಲ ದುಂಡಗಾದವು, ಒಳಗೆ ಜಾಗ ಹೆಚ್ಚಿತು. ಈ ಸಲ ಅಪ್ಪ ತಟ್ಟೆ ಹಿಡಿದುಕೊಂಡೇ ಬೆಂಗಳೂರಿನ ಬಸ್ಸು ಹತ್ತಿದರು, ಜೊತೆಗೆ ನಾನು. ಅಂಗಡಿಯ ಟೈ ಕಟ್ಟಿದ ಹುಡುಗ ಅದನ್ನು ನೋಡಿ, "ಸಾರ್, ಇದೇನು?" ಎಂದ.

"ಇದು ಹಿಡಿಸಿದ್ರೆ ಕಾರು ತಗೋತೀನಿ. ಹಿಡಿಸ್ದೇ ಇದ್ರೆ ಬಂದಿದ್ ಬಸ್ಸಲ್ಲೇ ಹೋಗ್ತೀನಿ ಕಣಪ್ಪ."

ಹುಡುಗ ಹಿಂಬಾಗಿಲು ಎತ್ತಿದ. ಗಾಜಿನ ಜೊತೆ ತಗಡೂ ಮೇಲೆದ್ದಿತು! ಸೀಟು ಮಡಚಿದ. ಅಪ್ಪ ತಟ್ಟೆಯನ್ನು ಒಳಗೆ ತಳ್ಳಿದರು, ಅದು ಮಟ್ಟಸವಾಗಿ ಹೋಗಿ ಕೂತಿತು. ಅಪ್ಪನ ಮುಖ ನೋಡಬೇಕಿತ್ತು. ಇಂಜಿನ್ನಿನ ಬಗ್ಗೆ ಹುಡುಗ ಹೇಳಿದ್ದು ಒಂದೂ ಅವರ ಕಿವಿಗೆ ಬೀಳಲಿಲ್ಲ. ಕೆಂಪು ಬಣ್ಣದ್ದೇ ತನ್ನಿ ಎಂದು ಅಮ್ಮ ಹೇಳಿ ಕಳಿಸಿದ್ದು ನಮಗಿಬ್ಬರಿಗೂ ಮರೆತುಹೋಗಿ ಬಿಳಿಯದಕ್ಕೆ ಬರೆಸಿ ಬಂದೆವು.

ಆ ಕಾರಿನಲ್ಲಿ, ಬೇಸಿಗೆಯಲ್ಲಿ ಒಣಗಿದ್ದ ಕೆರೆಯ ಅಂಗಳದಲ್ಲಿ ಅಪ್ಪನೇ ನನಗೆ ಓಡಿಸುವುದನ್ನು ಕಲಿಸಿದರು. ಲೈಸೆನ್ಸೂ ಬಂತು. ಆದರೆ ಮನೆಯಲ್ಲಿ ಒಂದು ಕಾನೂನು ಬಂತು: "ಜನರನ್ನ ಎಲ್ಲಿಗ್ ಬೇಕಾದ್ರೂ ಕರ್ಕೊಂಡ್ ಹೋಗಮ್ಮ. ಹುಳ ಮಾತ್ರ ಈಗಲೇ ಬೇಡ." ಹೆರಿಗೆ ನೋವು ಬಂದ ಪಕ್ಕದ ಮನೆಯಾಕೆಯನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಮುಟ್ಟಿಸಿದೆ, ನೆಂಟರನ್ನು ಊರೂರಿಗೆ ಸುತ್ತಿಸಿದೆ. ತಾಯಿ ಮಗು ಎರಡು ಜೀವವನ್ನು ನನ್ನ ಕೈಗೆ ಒಪ್ಪಿಸುವ ಮನುಷ್ಯ ಹುಳು ಒಪ್ಪಿಸುವುದಿಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಮ್ಮನ ಶಿಫಾರಸಿನ ಮೇಲೆ ಅಪ್ಪ ಒಂದು ದಿನ ಕರಗಿದರು. ಬರುವ ಸೋಮವಾರ ಕೈವಾರದ ಬಳಿಗೆ ಹೋಗುವ ಹುಳುಗಳನ್ನು ನಾನೇ ಒಯ್ಯಬೇಕೆಂದು ತೀರ್ಮಾನವಾಯಿತು.

ಅದರ ಹಿಂದಿನ ದಿನ ಮಂಚೇನಹಳ್ಳಿಯಲ್ಲಿ ಮದುವೆ. ಅಪ್ಪನ ಸೋದರತ್ತೆಯನ್ನು, ಎಂದರೆ ನಮ್ಮ ದೊಡ್ಡಜ್ಜಿಯನ್ನು, ಕಾರಿನಲ್ಲಿ ಕರೆದೊಯ್ದೆ. ತಟ್ಟೆಗಳ ಮೇಲೆ ಒದ್ದೆ ಮಾಡಿ ಹೊದಿಸುವ ಬಟ್ಟೆ ಹಿಂದಿನ ಸೀಟಿನಲ್ಲೇ ಇತ್ತು. ಅಜ್ಜಿ ಅದನ್ನು ಮಡಿಲಿನ ಮೇಲೆ ಹಾಸಿಕೊಂಡು, ದಾರಿಯುದ್ದಕ್ಕೂ ಎಲೆ ಅಡಿಕೆ ಮಡಚುತ್ತಾ, ಹೊಗೆಸೊಪ್ಪು ತಿಕ್ಕುತ್ತಾ, ನನ್ನ ಡ್ರೈವಿಂಗನ್ನು ಹೊಗಳುತ್ತಾ ಬಂದರು. ಹೊಗಳಿಕೆಗೆ ಉಬ್ಬಿದ ನಾನು ಮನೆಗೆ ಬಂದು ಬಟ್ಟೆಯನ್ನು ಒಪ್ಪವಾಗಿ ಮಡಚಿ ಇಟ್ಟೆ, ಅಷ್ಟೆ. ಹೊಗೆಸೊಪ್ಪು ಹುಳುವಿಗೆ ವಿಷ ಎಂದು ನಮ್ಮ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬೀಡಿ ಸೇದಿದವರನ್ನು ಅಪ್ಪ ಹುಳುವಿನ ಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಬೆಳಿಗ್ಗೆ ಅದೇ ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿ ತಟ್ಟೆಗೆ ಹೊದಿಸಿದೆ. ಕಾರು ಹೊರಡುವ ಮೊದಲು, ಕೊನೆಯ ಸಲ ನೋಡೋಣವೆಂದು ಅಪ್ಪ ಬಟ್ಟೆ ಎತ್ತಿದರು. ಮೇಲಿನ ತಟ್ಟೆಯ ಹುಳುಗಳು ತಲೆ ಅಲ್ಲಾಡಿಸುತ್ತಾ ಹಸಿರು ನೀರು ಕಾರುತ್ತಿದ್ದವು. ಅಪ್ಪ ಬಟ್ಟೆಯನ್ನು ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಕೀ ತೆಗೆದುಕೊಂಡು, ಉಳಿದ ತಟ್ಟೆಗಳೊಂದಿಗೆ ತಾವೇ ಹೊರಟರು. ಬೈದಿದ್ದರೆ ನಾನೂ ಒಂದು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಹಿತ್ತಲಿನಲ್ಲಿ ಕೂತು ತುಂಬ ಅತ್ತೆ.

ಆಮೇಲೆ ಹುಳು ಒಯ್ಯುತ್ತೇನೆಂದು ನಾನು ಕೇಳಲಿಲ್ಲ, ಒಯ್ಯಿ ಎಂದು ಅವರೂ ಹೇಳಲಿಲ್ಲ. ಹಾಗೆಂದು ಮನೆಯಲ್ಲಿ ಬೇಸರವೇನೂ ಇರಲಿಲ್ಲ. ನನಗೆ ಶಿಡ್ಲಘಟ್ಟದ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ನಮ್ಮದೇ ಹಳ್ಳಿಯ ಇನ್ನೊಂದು ಬೀದಿಗೆ ಹೋದೆ. ಸಂಜೆ ಹೊತ್ತು ಹುಳುವಿನ ಮನೆಗೆ ಬಂದು ಸೊಪ್ಪು ಕತ್ತರಿಸುತ್ತಿದ್ದೆ. ಅಂಚು ತೀಡುವುದು ಮಾತ್ರ ಅಪ್ಪನ ಪುಕ್ಕವೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಕಾರಿನ ಮುಖ ಇನ್ನೊಮ್ಮೆ ಬದಲಾಯಿತು. ಮೂತಿ ನುಣುಪಾಯಿತು, ದೀಪಗಳು ದುಂಡನೆಯ ಕಣ್ಣುಗಳಂತಾದವು. ತಟ್ಟೆ ಮತ್ತೆ ಬೆಂಗಳೂರಿಗೆ ಹೋಗಿ ಬಂತು. ಈ ಸಲ ಅಪ್ಪ ಏ.ಸಿ. ಇರುವುದನ್ನೇ ತಂದರು, ಅಮ್ಮನ ಕೆಂಪು ಬಣ್ಣದ್ದೇ. ಊರೆಲ್ಲ ಬೆರಗಾಯಿತು. ಆದರೆ ಏ.ಸಿ. ನಮಗಲ್ಲ. ಹಿಂದೆ ಹುಳು ಇದ್ದರೆ ಮಾತ್ರ ಅದು ಚಾಲೂ. ಹುಳು ಇಳಿಸಿದ ಮರುಕ್ಷಣ ಅಪ್ಪ ಅದನ್ನು ಆರಿಸಿ ಗಾಜು ಇಳಿಸುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲಿ ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಮುಂದಿನ್ ಜನ್ಮದಲ್ಲಿ ನಾನೂ ಹುಳಾನೇ ಆಗ್ತೀನಿ" ಎನ್ನುತ್ತಿದ್ದರು.

ಆ ಬೇಸಿಗೆ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಓಡಿಸಕೂಡದು ಎಂದರು ಡಾಕ್ಟರು. ಕೈವಾರದ ರೈತನಿಗೆ ಹುಳು ಹೋಗುವ ದಿನ ಬಂದೇ ಬಂತು. ಅಪ್ಪ ಹಸಿರು ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಅಂಗಳದಲ್ಲಿ ಎರಡು ಸುತ್ತು ಹಾಕಿ, ಪುಕ್ಕವನ್ನು ನನ್ನ ಕೈಗಿಟ್ಟರು. "ನಂಗೆ ಅಂಚು ಕಾಣಿಸ್ತಿಲ್ಲಮ್ಮ. ನೀನೇ ತೀಡು."

ತೀಡಿದೆ. ಹೊಸ ಬಟ್ಟೆ ಒಗೆದು ಹೊದಿಸಿದೆ, ಹೊದಿಸುವ ಮೊದಲು ಮೂರು ಸಲ ಮೂಸಿದೆ. ಅಪ್ಪ ಪಕ್ಕದಲ್ಲಿ ಕೂತರು. ಚಿಂತಾಮಣಿಯ ರಸ್ತೆಯುದ್ದಕ್ಕೂ ಅವರು ಮುಂದೆ ನೋಡಲೇ ಇಲ್ಲ, ಕತ್ತು ತಿರುಗಿಸಿ ತಟ್ಟೆಗಳನ್ನೇ ನೋಡುತ್ತಿದ್ದರು. ಗುಂಡಿ ಬಂದಲ್ಲೆಲ್ಲ ನಾನು ಗೇರು ಇಳಿಸಿ ಚಕ್ರವನ್ನು ಮೆಲ್ಲಗೆ ದಾಟಿಸುತ್ತಿದ್ದೆ. ತಲುಪಿದಾಗ ರೈತ ಓಡಿ ಬಂದು, "ಏಮಣ್ಣಾ, ಇವತ್ತು ಮಗಳು ಓಡಿಸ್ಕೊಂಡ್ ಬಂದ್ಲಾ?" ಎಂದ. ಅಪ್ಪ ಹಿಂಬಾಗಿಲು ಎತ್ತಿ, ಬಟ್ಟೆ ಸರಿಸಿ, ಕಾಣದ ಕಣ್ಣಿಗೆ ಬದಲು ಬೆರಳಿನಿಂದ ಒಂದೊಂದೇ ಅಂಚನ್ನು ಸವರಿದರು. ನಾಲ್ಕೂ ನೇರವಾಗಿದ್ದವು.

"ಹೋಗಣ" ಎಂದರು, ಅಷ್ಟೆ.

ವಾಪಸು ಹೊರಟಾಗ ಮಧ್ಯಾಹ್ನದ ಬಿಸಿಲು. ಮನೆಯ ಕಾನೂನಿನಂತೆ ಏ.ಸಿ. ಆರಿಸಿ ಗಾಜು ಇಳಿಸಿದೆ. ಸ್ವಲ್ಪ ದೂರ ಹೋದ ಮೇಲೆ ಅಪ್ಪ ತಮ್ಮ ಕಡೆಯ ಗಾಜು ಏರಿಸಿದರು. ಆಮೇಲೆ ಕೈ ಚಾಚಿ, ತಡಕಾಡಿ, ಏ.ಸಿ.ಯ ಗುಂಡಿ ತಿರುಗಿಸಿದರು.

"ಅಪ್ಪಾ, ಹಿಂದೆ ಹುಳ ಇಲ್ಲ" ಎಂದೆ.

"ಗೊತ್ತು. ನೀನ್ ಬೆವರ್ತಿದ್ದೀಯಲ್ಲ. ಗಾಜು ಏರಿಸ್ಕೊಳಮ್ಮ."