ದೇಶಕಾಲ ಯಾವ ಕಡೆ ಬಾಗಬೇಕು?

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಿ.ಎಸ್ಸಿ. ಮುಗಿಸಿ ನೌಕರಿ ಹಿಡಿದು ಬಹಳ ದಿನವಾಗಿರಲಿಲ್ಲ. ಆಗಲೇ ಪಾಠಗಳೆಲ್ಲ ಕಂಠಪಾಠವಾಗಿ, ಬೇಸರವೂ ಶುರುವಾಗಿತ್ತು.

ಒಂದು ಭಾನುವಾರ ನಮ್ಮ ಶಾಲೆಯಲ್ಲಿ ಶಿಕ್ಷಕರಿಗಾಗಿ ಎರಡು ಉಪನ್ಯಾಸಗಳಿದ್ದವು. ಸಿಂದಗಿಯಿಂದ ಬಂದ ಭೌತಶಾಸ್ತ್ರದ ತರುಣ ಮಾಸ್ತರರು ಕ್ವಾಂಟಂ ಸಿದ್ಧಾಂತ ಹೇಳಿದರು. ಅಳೆದು ನೋಡುವ ತನಕ ಎಲೆಕ್ಟ್ರಾನು ಇಂಥಲ್ಲೇ ಇದೆ ಎನ್ನಲಾಗದು, ಇಲ್ಲಿರುವ ಸಾಧ್ಯತೆ, ಅಲ್ಲಿರುವ ಸಾಧ್ಯತೆ ಎರಡೂ ಒಟ್ಟಿಗೇ ಇರುತ್ತವೆ ಎಂದರು. ಊಟವಾದ ಮೇಲೆ ಬಸವನ ಬಾಗೇವಾಡಿಯ ಗಣಿತದ ಹಿರಿಯ ಮಾಸ್ತರರು ಸಾಪೇಕ್ಷತೆಯನ್ನು ವಿವರಿಸಿದರು. ವಸ್ತು ಇದ್ದಲ್ಲಿ ಜಾಗ, ಕಾಲ ಎರಡೂ ಸೇರಿದ ದೇಶಕಾಲವೇ ಬಾಗುತ್ತದೆ, ಆ ಬಾಗುವಿಕೆಯೇ ಗುರುತ್ವ ಎಂದರು.

ಎರಡೂ ಮಾತು ನನ್ನ ತಲೆಯಲ್ಲಿ ಒಂದಕ್ಕೊಂದು ತೊಡರಿಕೊಂಡವು. ಎದ್ದು ನಿಂತೆ.

"ಸರ್, ಎಲೆಕ್ಟ್ರಾನಿಗೂ ತೂಕ ಐತಲ್ರಿ? ಅದು ಇಲ್ಲೂ ಅಲ್ಲೂ ಇದ್ರ, ದೇಶಕಾಲ ಯಾವ ಕಡೆ ಬಾಗಬೇಕ್ರಿ?"

ಹಿಂದೆ ಯಾರೋ ನಕ್ಕರು. ತರುಣ ಮಾಸ್ತರರು ಬೋರ್ಡಿನ ಮೇಲೆ ಏನೋ ಬರೆದರು, ಒರೆಸಿದರು. ಕೊನೆಗೆ ಹಿರಿಯರೇ ಮುಂದೆ ಬಂದರು.

"ಗೊತ್ತಿಲ್ಲವ್ವಾ. ನಮಗಷ್ಟ ಅಲ್ಲ, ಜಗತ್ತಿನಾಗ ಇನ್ನೂ ಯಾರಿಗೂ ಗೊತ್ತಿಲ್ಲ. ಇವರ ಕ್ವಾಂಟಂ ಲೆಕ್ಕ ನಡೀಬೇಕಂದ್ರ ಜಾಗ, ಹೊತ್ತು ಎರಡೂ ಮೊದಲ ಗಟ್ಟಿ ಇರಬೇಕು. ನನ್ನ ಲೆಕ್ಕದಾಗ ಅವೆರಡೂ ಅಳ್ಳಾಡ್ತಾವ. ಎರಡನ್ನೂ ಕೂಡಸಾಕ ಭಾಳ ಮಂದಿ ಹೆಣಗಾಡಾಕತ್ತಾರ. ನಿನಗೂ ಬರಬೇಕನಸಿದ್ರ ಬಾ. ಭಾನುವಾರ ನಮ್ಮ ಮನಿಯಾಗ ರೇಖಾಗಣಿತದಿಂದ ಶುರು ಮಾಡೋಣು."

ಯಾರಿಗೂ ಗೊತ್ತಿಲ್ಲದ ಪ್ರಶ್ನೆಯನ್ನು ನಾನೂ ಕೇಳಬಹುದು ಎಂಬ ಸಂತೋಷಕ್ಕೆ ಆ ಸಂಜೆ ಹಸಿವೇ ಆಗಲಿಲ್ಲ.

ಹೂವಿನ ಹಿಪ್ಪರಗಿಯಲ್ಲಿ ಕುರಿ ಸಾಕಿಕೊಂಡಿದ್ದ ಅಪ್ಪ ಮಾತ್ರ ಒಪ್ಪಲಿಲ್ಲ.

"ಅವರಿಗೇ ಗೊತ್ತಿಲ್ಲಂದ್ರ ನಿನಗೇನ ಕಲಸ್ತಾರ?"

"ಹುಡುಕೋದ ಕಲಸ್ತಾರಪ್ಪಾ."

ಕೊನೆಗೆ, ಮದುವೆಯಾಗದ ಮಗಳನ್ನು ಪರರ ಮನೆಗೆ ಒಬ್ಬಳನ್ನೇ ಕಳಿಸುವುದು ಹೇಗೆಂದು ಮೊದಲ ಭಾನುವಾರ ಬಾಗೇವಾಡಿಗೆ ತಾನೂ ಬಂದ. ಮಾಸ್ತರರ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ, ನಾವು ಗೋಲದ ಮೇಲೆ ತ್ರಿಕೋನ ಬರೆಯುವುದನ್ನು ನೋಡುತ್ತ ಕೂತಿದ್ದ. ಮರಳುವಾಗ ಬಸ್ಸಿನಲ್ಲಿ ಹೇಳಿದ:

"ನೀ ಎಷ್ಟ ಸಲ ತಪ್ಪಿದ್ರೂ ಆ ಮಾಸ್ತರ ಸಿಟ್ಟಾಗಲಿಲ್ಲ. ಮುಂದಿನ ವಾರ ಒಬ್ಬಾಕಿನ ಹೋಗು."

ಮುಂದೆ ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಆ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಆದರೆ ಅಲ್ಲಿ ಮೊದಲ ದಿನ ಪ್ರಾಧ್ಯಾಪಕರು ಏನು ಓದಲು ಬಂದಿದ್ದೀ ಎಂದು ಕೇಳಿದಾಗ ನಾನು ತಡವರಿಸದೆ ಆ ಪ್ರಶ್ನೆಯನ್ನೇ ಹೇಳಿದೆ.